ಕಾಯದ ಕಾವಲುಗಾರ

ಬೈಯುವುದಾದರೂ ಒಮ್ಮೆ ನೋಡಿ ಬೈಯಬೇಕು ಎಂಬ ನ್ಯಾಯಬುದ್ಧಿಯೊಂದು ಸರದಿಯಣ್ಣನಿಗೆ ಇಲ್ಲದಿದ್ದರೆ, ಆ ದಿನ ಅವನ ಮನೆಯ ಹಾಲೂ ಉಳಿಯುತ್ತಿತ್ತು, ಬಾಗಿಲೂ ಉಳಿಯುತ್ತಿತ್ತು, ಮಾನವೂ ಉಳಿಯುತ್ತಿತ್ತು.

ಸರದಿಯಣ್ಣ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವವನು. ನಲವತ್ತು ದಾಟಿದ ಸಾಧು ಮನುಷ್ಯ. ಯಾರ ಸುದ್ದಿಗೂ ಹೋಗದವನು. ಅವನಿಗಿದ್ದ ಕೊರತೆ ಒಂದೇ. ಅವನ ಮಾತನ್ನು ಕೊನೆಯವರೆಗೆ ಕೇಳಿದ ಪ್ರಾಣಿ ಭೂಮಿಯ ಮೇಲೆ ಇರಲಿಲ್ಲ. ಮನೆಯಲ್ಲಿ ಅವನು ಶುರು ಮಾಡಿದ ವಾಕ್ಯವನ್ನು ಹೆಂಡತಿ ಮುಗಿಸುತ್ತಿದ್ದಳು. ಅಂಗಡಿಯಲ್ಲಿ ಮಾಲೀಕರು ಶುರು ಮಾಡುವುದಕ್ಕೇ ಬಿಡುತ್ತಿರಲಿಲ್ಲ. ಅತ್ತೆಯವರು ಫೋನ್ ಮಾಡಿದರೆ ‘ಹಲೋ’ ಎಂಬುದರಲ್ಲಿ ‘ಹ’ ಮಾತ್ರ ಅವನ ಪಾಲಿಗೆ ಬರುತ್ತಿತ್ತು.

ಇಂಥವನಿಗೆ ಚಿಕ್ಕಂದಿನಲ್ಲಿ ಸಿಕ್ಕಿದ್ದು ‘ಏಳು ಸೇತುವೆ’ ಎಂಬ ವಿಡಿಯೋ ಗೇಮ್. ಅಲೆಮಾರಿ ಕತ್ತಿಗಾರನೊಬ್ಬ ಕಳೆದುಹೋದ ತಂಗಿಯನ್ನು ಹುಡುಕುತ್ತ ಏಳು ಸೇತುವೆ ದಾಟುವ ಕತೆ. ಸೇತುವೆಗೊಬ್ಬ ಕಾವಲುಗಾರ, ಅವನೊಡನೆ ಯುದ್ಧ. ಯುದ್ಧವೆಂದರೆ ಸರದಿಯ ಯುದ್ಧ. ನೀವು ಯೋಚಿಸಿ ಒಂದು ಏಟು ಕೊಡುವವರೆಗೆ ಎದುರಾಳಿ ಕೊಡಲಿ ಎತ್ತಿಕೊಂಡು ನಿಂತೇ ಇರುತ್ತಾನೆ. ಎದ್ದುಹೋಗಿ ಚಹಾ ಮಾಡಿ, ಕುಡಿದು, ಲೋಟ ತೊಳೆದಿಟ್ಟು ಬಂದರೂ ಆ ಮಹಾನುಭಾವ ನಿಂತ ಕಾಲಿನಲ್ಲಿ ನಿಂತಿರುತ್ತಾನೆ. ಮನುಷ್ಯರಿಂದ ಸಿಗದ ಮರ್ಯಾದೆ ಅವನಿಗೆ ರಾಕ್ಷಸರಿಂದ ಸಿಕ್ಕಿತ್ತು. ಆ ಆಟವೆಂದರೆ ಅವನಿಗೆ ಪ್ರಾಣ.

ಈಗ ಅದೇ ಆಟವನ್ನು ಹೊಸದಾಗಿ ಕಟ್ಟಿ ಮಾರುಕಟ್ಟೆಗೆ ಬಿಟ್ಟಿದ್ದರು. ಕತೆ ಅದೇ, ಊರು ಕೇರಿ ಅವೇ. ಯುದ್ಧ ಮಾತ್ರ ಬೇರೆ. ಸರದಿಯಿಲ್ಲ, ಕಾಯುವುದಿಲ್ಲ. ಓಡಬೇಕು, ತಪ್ಪಿಸಿಕೊಳ್ಳಬೇಕು, ಸಂದು ನೋಡಿ ಹೊಡೆಯಬೇಕು. ಸುದ್ದಿ ಬಂದಾಗಿನಿಂದ ಅಭಿಮಾನಿಗಳ ಸಂಘ ಎರಡು ಹೋಳಾಗಿತ್ತು. ಹಳೆಯದೇ ಬೇಕೆನ್ನುವ ಸರದಿ ಪಕ್ಷಕ್ಕೆ ನಮ್ಮವನೇ ಮುಖಂಡ, ‘ಸರದಿಯಣ್ಣ’ ಎಂಬುದು ಅಲ್ಲಿ ಅವನು ಇಟ್ಟುಕೊಂಡಿದ್ದ ಅಡ್ಡಹೆಸರು. ಹೊಸದಕ್ಕೆ ಜೈ ಎನ್ನುವ ಓಟದ ಪಕ್ಷಕ್ಕೆ ‘ಮಿಂಚು’ ಎಂಬ ಅಡ್ಡಹೆಸರಿನವರೊಬ್ಬರು. ಸಂಘವೆಲ್ಲ ಫೋನಿನ ಗುಂಪಿನಲ್ಲೇ ನಡೆಯುತ್ತಿದ್ದುದರಿಂದ ಯಾರೂ ಯಾರ ಮುಖವನ್ನೂ ಕಂಡಿರಲಿಲ್ಲ. ಆದರೂ ಎರಡು ವರ್ಷ ಇವರಿಬ್ಬರೂ ಹಾವು ಮುಂಗುಸಿಯಂತೆ ಬರೆದಾಡಿದ್ದರು. “ಮನೆ ಮಠ ಇರೋರು ಆಡೋ ಆಟ ಇದಲ್ಲ. ಒಲೆ ಮೇಲೆ ಹಾಲಿಟ್ಟವನ ಗತಿ ಏನು?” ಎಂದು ಇವನು ಬರೆದರೆ, “ಹಾಲು ಕಾಯಿಸೋರು ಹಾಲು ಕಾಯಿಸಲಿ, ಕತ್ತಿ ಹಿಡಿಯೋರು ಕತ್ತಿ ಹಿಡೀಲಿ” ಎಂದು ಮಿಂಚು ಬರೆಯುತ್ತಿದ್ದರು.

ಜಗಳ ಮುಗಿಸಲು ಆ ಸಂಜೆ ಗೇಮ್ ಅಂಗಡಿಯ ಮಹಡಿಯಲ್ಲಿ ಸಭೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ತುಟಿ ಬಿಚ್ಚಕೂಡದು ಎಂಬ ನಿಯಮ ಹಾಕಿಸಿದವನು ಸರದಿಯಣ್ಣ. ಕೊನೆಗೆ ಕೈಯೆತ್ತಿಸಿ ಎಣಿಸುವುದು. ಸರದಿ ಪಕ್ಷ ಗೆದ್ದರೆ ಸಂಘದವರಾರೂ ಒಂದು ವರ್ಷ ಹೊಸ ಆಟ ಮುಟ್ಟಕೂಡದು, ಈಗಾಗಲೇ ಕೊಂಡವರು ಅದನ್ನು ಅಧ್ಯಕ್ಷರ ವಶಕ್ಕೆ ಒಪ್ಪಿಸಬೇಕು ಎಂಬ ಕರಾರನ್ನು ಬರೆದವನೂ ಅವನೇ. ಅಧ್ಯಕ್ಷ ತಾನೇ ಆಗುತ್ತೇನೆ ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ.

ಆದರೆ ಭಾಷಣಕ್ಕೆ ಹುಳುಕು ಬೇಕಲ್ಲ? ಹುಳುಕು ಹುಡುಕಲೆಂದೇ ಹಿಂದಿನ ದಿನ ಅಂಗಡಿ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತು ಹೊಸ ಆಟದ ಡಿಸ್ಕ್ ಕೊಂಡಿದ್ದ. ಬಂದಿದ್ದ ಒಂದಿಷ್ಟು ಡಿಸ್ಕ್‌ಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಖಾಲಿಯಾದವು. ಸಂಘದ ಉಳಿದವರೆಲ್ಲ ‘ಸಿಗಲಿಲ್ಲ, ಮುಂದಿನ ತಿಂಗಳಂತೆ’ ಎಂದು ಗುಂಪಿನಲ್ಲಿ ಗೋಳಾಡುತ್ತಿದ್ದರು. ಸರದಿಯಣ್ಣ ತನಗೆ ಸಿಕ್ಕಿದ್ದನ್ನು ಬಾಯಿ ಬಿಡಲಿಲ್ಲ.

ಸಭೆಯ ದಿನ ಬೆಳಗ್ಗೆ ಮಾಲೀಕರಿಗೆ ಫೋನ್ ಮಾಡಿ, ಹೊಟ್ಟೆನೋವು ಎಂದ.

“ಅಂಗಡಿಗೆ ಬಂದ್ರೂ ಅದೇ ಹೊಟ್ಟೆ ತಾನೇ ಇರೋದು? ಇಲ್ಲೇ ನೋಯಲಿ, ಬಾ.”

“ಸಾರ್, ಅದು ಹೇಗಂದ್ರೆ...”

“ಆಯ್ತು, ನಾಳೆ ಬೇಗ ಬಾ” ಎಂದು ಅವರು ಇಟ್ಟುಬಿಟ್ಟರು. ಅವನ ಸುಳ್ಳನ್ನೂ ಪೂರ್ತಿ ಕೇಳುವವರಿರಲಿಲ್ಲ.

ಶಾಲೆಗೆ ಪಾಠ ಮಾಡಲು ಹೊರಟಿದ್ದ ಹೆಂಡತಿ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, “ರೀ, ಹಾಲು ಒಲೆ ಮೇಲಿದೆ. ಉಕ್ಕೋಕೆ ಮುಂಚೆ ಆರಿಸಿ. ನಿಮಗೆ ಹೇಳೋದೂ ಒಂದೇ, ಗೋಡೆಗೆ ಹೇಳೋದೂ ಒಂದೇ” ಎಂದಳು.

“ಇಲ್ಲ ಕಣೇ, ನಾನು...”

“ಗೊತ್ತು ಬಿಡಿ” ಎಂದು ಅವಳು ಹೋದಳು.

ಸರದಿಯಣ್ಣ ಅಗುಳಿ ಹಾಕಿ, ಪರದೆ ಎಳೆದು, ಕಳ್ಳಬೆಕ್ಕಿನಂತೆ ಟಿವಿಯ ಮುಂದೆ ಕುಳಿತ. ಹಾಲು ಕಾಯುವಷ್ಟರಲ್ಲಿ ನಾಲ್ಕು ತಪ್ಪು ಹಿಡಿದು ಎದ್ದುಬಿಡುವ ಲೆಕ್ಕಾಚಾರ. ಮೊದಲ ಸೇತುವೆ ಬಂತು. ಕಾವಲುಗಾರ ಬಂದ. ಸರದಿಯಣ್ಣ ಅಭ್ಯಾಸಬಲದಿಂದ ಗಲ್ಲಕ್ಕೆ ಕೈಯಿಟ್ಟು ಯೋಚಿಸತೊಡಗಿದ. ಕಾವಲುಗಾರ ಯೋಚಿಸಲಿಲ್ಲ. ಕೊಡಲಿ ಬೀಸಿದ. ಕತ್ತಿಗಾರ ನೆಲಕ್ಕೊರಗಿದ.

“ಅಯ್ಯೋ, ಸತ್ತೆ” ಎಂದ ಸರದಿಯಣ್ಣ.

ಇನ್ನೊಮ್ಮೆ ಹೋದ, ಇನ್ನೊಮ್ಮೆ ಸತ್ತ. ಹುಳುಕು ಸಿಕ್ಕಿತೆಂಬ ಖುಷಿಯಲ್ಲಿ ಮತ್ತೂ ಒಮ್ಮೆ ಹೋದ. ಆಗ ಅವನ ಕಣ್ಣಿಗೆ ಅದು ಬಿತ್ತು. ಹಳೆಯ ಆಟದಲ್ಲಿ ಈ ಕಾವಲುಗಾರನ ಎಡ ಮಂಡಿಗೆ ಒಂದು ಬಿಳಿ ಪಟ್ಟಿ ಇತ್ತು. ಆ ಕಾಲದ ಒರಟು ಚಿತ್ರದಲ್ಲಿ ನಾಲ್ಕೇ ಚುಕ್ಕಿಗಳಲ್ಲಿ ಬರೆದ ಪಟ್ಟಿ. ಅದು ಗಾಯವೋ ಅಲಂಕಾರವೋ ಎಂದು ಅಭಿಮಾನಿಗಳು ಇಷ್ಟು ವರ್ಷ ತಲೆ ಕೆಡಿಸಿಕೊಂಡಿದ್ದರು. ಈಗ ಆ ಕಾವಲುಗಾರ ಕುಂಟುತ್ತಿದ್ದ. ಕೊಡಲಿ ಬೀಸಿದ ಮೇಲೆ ಭಾರ ಎಡಗಾಲಿಗೆ ಬಿದ್ದಾಗ ಮುಖ ಕಿವುಚುತ್ತಿದ್ದ. ಹೊಡೆಯಲು ಸಿಗುವ ಸಂದು ಅದೊಂದೇ. ಆಟ ಕಟ್ಟಿದವರು ಆ ನಾಲ್ಕು ಚುಕ್ಕಿಗಳನ್ನು ಮರೆತಿರಲಿಲ್ಲ. ಇಡೀ ಯುದ್ಧವನ್ನು ಆ ಒಂದು ಮಂಡಿಯ ಮೇಲೆ ನಿಲ್ಲಿಸಿದ್ದರು.

ಸರದಿಯಣ್ಣ ಟಿವಿಗೆ ಇನ್ನಷ್ಟು ಹತ್ತಿರ ಸರಿದ. ಇಷ್ಟು ವರ್ಷ ಎದುರಿಗೆ ಬೊಂಬೆಯಂತೆ ನಿಂತು ಕಾದವನು ನೋವು ನುಂಗಿಕೊಂಡು ಕಾದಿದ್ದನೇ? ಬಾಯಿ ಕಳೆದು ನೋಡುತ್ತ ಕುಳಿತಿದ್ದಕ್ಕೆ ಅವನು ಮತ್ತೆ ಸತ್ತ. ಆದರೆ ಈ ಸಲ ಬೈಯಲು ಮನಸ್ಸು ಬರಲಿಲ್ಲ. ಎಂಥ ಕೆಲಸ ಮಾಡಿದ್ದಾರಪ್ಪ ಪುಣ್ಯಾತ್ಮರು ಎಂದು ತೊಡೆ ತಟ್ಟಿಕೊಂಡ. ಕತ್ತಿಗಾರನ ಗೆಳೆಯರು ಹಿಂದಿನಿಂದ ಕೂಗಿ ಎಚ್ಚರಿಸುತ್ತಿದ್ದರು, ಬಿದ್ದರೆ ಓಡಿಬಂದು ಎತ್ತುತ್ತಿದ್ದರು. ಮೊದಲು ಅವರೂ ಸಾಲಾಗಿ ನಿಂತ ಬೊಂಬೆಗಳೇ ಆಗಿದ್ದರಲ್ಲ. ಅವನು ಆಡುತ್ತ ಹೋದ, ಸಾಯುತ್ತ ಹೋದ, ಪ್ರತಿ ಸಲವೂ ಮೊದಲಿಗಿಂತ ಜೋರಾಗಿ “ಸತ್ತೆ” ಎಂದು ಕೂಗುತ್ತ ಹೋದ.

ಗೋಡೆಯಾಚೆ ನರ್ಸಮ್ಮನ ಮನೆ. ದೊಡ್ಡಾಸ್ಪತ್ರೆಯಲ್ಲಿ ನರ್ಸುಗಳ ಮುಖ್ಯಸ್ಥೆಯಾಗಿ ನಿವೃತ್ತಿಯಾದವರು. ಡಾಕ್ಟರುಗಳೂ ಅವರೆದುರು ಉಗುರು ಕತ್ತರಿಸಿಕೊಂಡು ಬರುತ್ತಿದ್ದರಂತೆ. ಅವರು ಬಂದು ಬಾಗಿಲು ಬಡಿದರು.

“ಏನಪ್ಪಾ, ಏನಾಯ್ತು? ಬಾಗಿಲು ತೆಗಿ.”

ಹಳೆಯ ಆಟವಾಗಿದ್ದರೆ ಕಾವಲುಗಾರನನ್ನು ನಿಲ್ಲಿಸಿ ಬಾಗಿಲು ತೆಗೆದು ಬರಬಹುದಿತ್ತು. ಇಲ್ಲಿ ಯುದ್ಧದ ನಡುವೆ ನಿಲ್ಲಿಸುವ ಗುಂಡಿಯೂ ಕೆಲಸ ಮಾಡುತ್ತಿರಲಿಲ್ಲ. “ಒಂದ್ನಿಮಿಷ, ಈಗ ಆಗಲ್ಲ, ಸಾಯ್ತೀನಿ” ಎಂದು ಒಳಗಿನಿಂದಲೇ ಕೂಗಿದ. ಅದೇ ಹೊತ್ತಿಗೆ ಉಕ್ಕಿ, ಬತ್ತಿ, ತಳ ಹಿಡಿದಿದ್ದ ಹಾಲಿನ ಹೊಗೆ ಬಾಗಿಲ ಸಂದಿಯಿಂದ ಹೊರಗೆ ಬಂತು. ನರ್ಸಮ್ಮ ಎರಡನೇ ಮಾತಾಡಲಿಲ್ಲ. ಮೂಲೆಯಂಗಡಿಯ ಬೀಗ ರಿಪೇರಿಯವನನ್ನು ಎಳೆದು ತಂದರು.

ಅವನು ಅಗುಳಿಯನ್ನು ಚೌಕಟ್ಟಿನ ಚೂರಿನ ಸಮೇತ ಕಿತ್ತು ಕೈಯಲ್ಲಿ ಹಿಡಿದುಕೊಂಡು ಒಳಗೆ ಬಂದಾಗ ಸರದಿಯಣ್ಣ ಹೊಗೆಯ ನಡುವೆ ಕಣ್ಣೀರು ಸುರಿಸುತ್ತ, ನಗುತ್ತ, ಗುಂಡಿ ಒತ್ತುತ್ತಿದ್ದ.

“ಜೀವ ಇದೆ ಅಮ್ಮಾ” ಎಂದ ಬೀಗದವನು. “ಬುದ್ಧಿ ವಿಷಯ ನೀವೇ ನೋಡ್ಕೊಳ್ಳಿ.”

ನರ್ಸಮ್ಮ ಒಲೆ ಆರಿಸಿ ಕಿಟಕಿ ತೆರೆದರು. ಗದರಲು ಬಾಯಿ ತೆರೆದವರ ಕಣ್ಣು ಟಿವಿಯ ಮೇಲೆ ಹೋಗಿ ಅಲ್ಲೇ ನೆಟ್ಟಿತು. ಆಮೇಲೆ ಅವನ ಹಣೆ ಮುಟ್ಟಿ ನೋಡಿ, “ಜ್ವರ ಇಲ್ಲ. ಕಣ್ಣಿಗೆ ನೀರು ಹಾಕ್ಕೋ” ಎಂದಷ್ಟೇ ಹೇಳಿ ಹೊರಟುಹೋದರು. ಇಷ್ಟು ಅಗ್ಗಕ್ಕೆ ಪಾರಾದೆನಲ್ಲ ಎಂದು ಅವನಿಗೇ ಆಶ್ಚರ್ಯವಾಯಿತು.

ಮಧ್ಯಾಹ್ನ ಪಾತ್ರೆ ಉಜ್ಜುತ್ತ ಕುಳಿತಾಗ ಅವನಿಗೆ ತನ್ನ ಅವಸ್ಥೆ ಅರ್ಥವಾಯಿತು. ಸಂಜೆ ತನ್ನ ಪಕ್ಷ ಗೆದ್ದರೆ ತನ್ನ ಕರಾರಿನಂತೆ ತನ್ನ ಡಿಸ್ಕೇ ಹೋಗುತ್ತದೆ. ಒಂದು ವರ್ಷ ಆ ಸೇತುವೆಯ ಈಚೆಗೇ ಬಿದ್ದಿರಬೇಕು. ಅಧ್ಯಕ್ಷ ತಾನೇ ಆದರೂ, ನಿಯಮ ಮುರಿಯುವ ಎದೆಗಾರಿಕೆ ಅವನಿಗಿರಲಿಲ್ಲ. ಸರದಿ ಮೀರಿ ಬಸ್ಸನ್ನೂ ಹತ್ತದ ಮನುಷ್ಯ. ಉಳಿದ ದಾರಿ ಒಂದೇ. ಎದ್ದುನಿಂತು ಸತ್ಯ ಹೇಳಿ ತನ್ನ ಪಕ್ಷವನ್ನು ತಾನೇ ಸೋಲಿಸಬೇಕು.

ಸಂಜೆ ಮಹಡಿ ತುಂಬಿತ್ತು. ಮುಂದಿನ ಸಾಲಿನಲ್ಲಿ ನರ್ಸಮ್ಮ ಕೈಚೀಲ ತೊಡೆಯ ಮೇಲಿಟ್ಟು ಕೂತಿದ್ದರು. ರೋಗಿಯನ್ನು ಹಿಡಿದುಕೊಂಡು ಹೋಗಲು ಬಂದಿದ್ದಾರೆ ಎಂದುಕೊಂಡು ಸರದಿಯಣ್ಣ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಳಿತ. ಗೇಮ್ ಅಂಗಡಿಯವನು, “ಮೊದಲು ಸರದಿಯಣ್ಣ. ಯಾರೂ ನಡುವೆ ಬಾಯಿ ಹಾಕಬಾರದು” ಎಂದ.

ಅವನು ಎದ್ದ. ಎಲ್ಲರೂ ಕಾದರು. ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಕೋಣೆ ತುಂಬ ಜನ ಅವನ ಮಾತಿಗಾಗಿ ಕಾದು ಕುಳಿತಿದ್ದರು.

“ನಾನು ತಪ್ಪು ಹೇಳ್ತಿದ್ದೆ” ಎಂದು ಶುರು ಮಾಡಿದ. “ಹೊಸ ಆಟ ಆಡಿದೆ. ಮೊದಲನೇ ಕಾವಲುಗಾರನ ಮಂಡಿಗೆ ಪಟ್ಟಿ ಇತ್ತಲ್ಲ, ಅದು ಗಾಯ. ಅವನು ಕುಂಟ್ತಾನೆ. ಅವನು ನಮಗೆ ಕಾಯಲ್ಲ, ನಿಜ. ಆದರೆ ಅವನು ಯಾರು ಅಂತ ನನಗೆ ಇವತ್ತೇ ಗೊತ್ತಾಗಿದ್ದು. ನಾವು ಇಷ್ಟು ವರ್ಷ ಪ್ರೀತಿ ಮಾಡಿದ್ದನ್ನ ಅವರು ನಮಗಿಂತ ಹೆಚ್ಚು ಪ್ರೀತಿ ಮಾಡಿ ಕಟ್ಟಿದ್ದಾರೆ. ಇದಕ್ಕೆ ಕೈ ಮುಗೀಬೇಕೇ ಹೊರತು ಕೈ ಎತ್ತಬಾರದು. ನನ್ನ ಪಕ್ಷದೋರೆಲ್ಲ ದಯವಿಟ್ಟು ಹೊಸದಕ್ಕೇ ಮತ ಹಾಕಿ.”

ಪಿಟಕ್ಕೆಂದವರಿಲ್ಲ. ಅವನು ಕೊನೆಯ ಪದದವರೆಗೂ ಹೇಳಿ ಕುಳಿತ. ಹಿಂದಿನ ಸಾಲಿನಲ್ಲಿ ಒಬ್ಬ ಮೂಗು ಒರೆಸಿಕೊಂಡ. ಗೆದ್ದೆ ಎಂದುಕೊಂಡ ಸರದಿಯಣ್ಣ.

“ಈಗ ಮಿಂಚು” ಎಂದ ಅಂಗಡಿಯವನು.

ನರ್ಸಮ್ಮ ಎದ್ದರು. ಸರದಿಯಣ್ಣ ಕುರ್ಚಿಯ ಕೈ ಹಿಡಿದುಕೊಂಡ.

“ನಾನು ಓಟದ ಪಕ್ಷದ ಪರ ಮಾತಾಡೋಕೆ ಹೊರಟಿದ್ದೋಳು” ಎಂದರು ನರ್ಸಮ್ಮ, ವಾರ್ಡಿನ ಕೊನೆಯ ಮಂಚಕ್ಕೂ ಕೇಳುವ ದನಿಯಲ್ಲಿ. “ಆದರೆ ಬೆಳಗ್ಗೆ ಪಕ್ಕದ ಮನೆಯಿಂದ ಸತ್ತೆ ಸತ್ತೆ ಅಂತ ಕೂಗು ಬಂತು. ಹೋಗಿ ನೋಡಿದರೆ ಮನೆ ತುಂಬ ಹೊಗೆ. ಹಾಲು ಇದ್ದಿಲಾಗಿದೆ. ಬಾಗಿಲು ಒಡೀಬೇಕಾಯ್ತು. ನಡುವೆ ಈ ಮನುಷ್ಯ ಅಳ್ತಾ ನಗ್ತಾ ಕೂತಿದ್ದಾನೆ. ಹಾಲಿಟ್ಟವನ ಗತಿ ಏನು ಅಂತ ಸರದಿಯಣ್ಣ ಅನ್ನೋರು ಎರಡು ವರ್ಷದಿಂದ ಬರೀತಿದ್ದರು, ನಾನು ನಗ್ತಿದ್ದೆ. ಇವತ್ತು ಗತಿ ಏನು ಅಂತ ಕಣ್ಣಾರೆ ನೋಡಿದೆ. ಆ ಸರದಿಯಣ್ಣ ಇವರೇ ಅಂತ ಈಗ ಗೊತ್ತಾಯ್ತು. ಅವರ ಈಗಿನ ಮಾತು ಕೇಳಬೇಡಿ, ಅದು ಹೊಗೆ ಕುಡಿದವರ ಮಾತು. ಹಿಂದೆ ಬರೆದದ್ದು ನೋಡಿ, ಅಕ್ಷರಕ್ಷರ ಸತ್ಯ. ನಾನು ಸರದಿ ಪಕ್ಷ ಸೇರಿದ್ದೀನಿ.”

ಕೈಗಳು ಎದ್ದವು. ಸರದಿ ಪಕ್ಷದ ಕೈ, ಓಟದ ಪಕ್ಷದ ಕೈ, ಮೂಗು ಒರೆಸಿಕೊಂಡವನ ಕೈ, ಎಲ್ಲವೂ ಸರದಿಗೇ. ತಮಗ್ಯಾರಿಗೂ ಸಿಗದ ಡಿಸ್ಕ್ ಈತನಿಗೊಬ್ಬನಿಗೆ ಸಿಕ್ಕಿದೆ ಎಂದು ತಿಳಿದ ಮೇಲೆ ಜನರ ನ್ಯಾಯಪ್ರಜ್ಞೆ ಇದ್ದಕ್ಕಿದ್ದಂತೆ ಹರಿತವಾಗಿತ್ತು. ಮುಖಂಡನೇ ಪಕ್ಷ ಬಿಟ್ಟಿದ್ದರಿಂದ ನರ್ಸಮ್ಮನನ್ನೇ ಅಧ್ಯಕ್ಷೆ ಮಾಡಿದರು. ಅನಾಥವಾಗಿದ್ದ ಓಟದ ಪಕ್ಷವಾದರೂ ತನ್ನನ್ನು ಸೇರಿಸಿಕೊಂಡೀತೆಂದು ಅವನು ಆ ಕಡೆ ನೋಡಿದ. “ಎಷ್ಟನೇ ಸೇತುವೆ ದಾಟಿದ್ದೀರಿ?” ಎಂದು ಅಲ್ಲೊಬ್ಬ ಕೇಳಿದ. “ಮೊದಲನೇದು, ಇನ್ನೂ...” ಎನ್ನುವಷ್ಟರಲ್ಲಿ ಎಲ್ಲರೂ ಎದ್ದು ಚಪ್ಪಲಿ ಹುಡುಕತೊಡಗಿದ್ದರು.

ನರ್ಸಮ್ಮ ಅವನ ಮನೆಯವರೆಗೂ ಜೊತೆಯಲ್ಲೇ ಬಂದು, ಅಗುಳಿಯಿಲ್ಲದ ಬಾಗಿಲಲ್ಲಿ ನಿಂತು ಕೈ ಚಾಚಿದರು. “ಕೊಡಪ್ಪಾ. ಕರಾರು ಅಂದ್ರೆ ಕರಾರು.” ಅವನು ಡಿಸ್ಕನ್ನು ಡಬ್ಬಿಯ ಸಮೇತ ಕೊಟ್ಟ.

“ರೀ, ಸಭೆ ಏನಾಯ್ತು, ಯಾರು ಗೆದ್ರು?” ಎಂದು ಕಪ್ಪಾದ ಪಾತ್ರೆ ಹಿಡಿದೇ ಹೆಂಡತಿ ಕೇಳಿದಳು.

“ನಮ್ಮೋರೇ” ಎಂದ ಸರದಿಯಣ್ಣ.

ಬೈಗುಳವನ್ನೆಲ್ಲ ತಲೆ ತಗ್ಗಿಸಿ ಕೇಳಿ, ಅವನು ಗೋಡೆಗೆ ಒರಗಿ ಕುಳಿತ. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಕೊಡಲಿ ಬೀಸುವ ಸದ್ದು ಬಂತು. ಅವನು ಬೆಚ್ಚಿ ಕಿವಿಯಿಟ್ಟ. ಕಾಲೆಳೆಯುವ ಸದ್ದು, ಕತ್ತಿಯ ಸದ್ದು, ಗೆಳೆಯರ ಕೂಗು. ಆಮೇಲೆ ಅವನು ಎಂದೂ ಕೇಳಿರದ ಒಂದು ಸದ್ದು, ದೊಡ್ಡ ಕದವೊಂದು ನಿಧಾನವಾಗಿ ತೆರೆದುಕೊಳ್ಳುವಂಥದ್ದು, ಅದರ ಹಿಂದೆಯೇ ಚಿಕ್ಕಂದಿನಿಂದ ಅವನಿಗೆ ಬಾಯಿಪಾಠವಾಗಿದ್ದ ಸೇತುವೆಯ ರಾಗ, ಆದರೆ ನೂರು ವಾದ್ಯಗಳಲ್ಲಿ.

“ದಾಟಿದೆ” ಎಂದು ನರ್ಸಮ್ಮ ತಮ್ಮಷ್ಟಕ್ಕೇ ಹೇಳಿಕೊಂಡದ್ದು ಸ್ಪಷ್ಟವಾಗಿ ಕೇಳಿಸಿತು.

ಬಾಗಿಲು ಬಡಿದು ನ್ಯಾಯ ಕೇಳಬೇಕೆಂದು ಸರದಿಯಣ್ಣ ಎದ್ದ. ಆದರೆ ರಾಗ ಇನ್ನೂ ಮುಗಿದಿರಲಿಲ್ಲ. ಎಷ್ಟು ಚೆನ್ನಾಗಿ ಮಾಡಿದ್ದಾರಪ್ಪ ಎಂದುಕೊಂಡು, ಅದು ಮುಗಿಯುವವರೆಗೆ ಕೇಳೋಣವೆಂದು ಮತ್ತೆ ಗೋಡೆಗೆ ಕಿವಿಯಿಟ್ಟು ಕುಳಿತ.