ಕೈ ನಡುಕಕ್ಕೆ ಟಾನಿಕ್

ಹಾಸ್ಯಗಾರನಿಗೆ ಈ ಲೋಕದ ಮೇಲೆ ಇದ್ದದ್ದು ಒಂದೇ ದೂರು: ಚಿತ್ರ ಅಲ್ಲಾಡುತ್ತದೆ.

ಬರೆಯುವುದು ಅವನೇ, ನಟಿಸುವುದು ಅವನೇ, ಅಂತರ್ಜಾಲಕ್ಕೆ ಏರಿಸುವುದೂ ಅವನೇ. ಅಡುಗೆಮನೆಯ ಕಟ್ಟೆಯೇ ರಂಗಮಂಚ, ಫ್ರಿಜ್ಜೇ ಹಿನ್ನೆಲೆ. ಮೊಬೈಲು ಹಿಡಿದು ನಿಲ್ಲುವ ಕೆಲಸ ಮಾತ್ರ ಹೆಂಡತಿಯದು, ಮತ್ತು ಅದೊಂದೇ ಸರಿಯಾಗಿ ಆಗುತ್ತಿರಲಿಲ್ಲ. ಅವನು ಮಾತನ್ನು ಮೆಲ್ಲಗೆ ಕಾಯಿಸಿ, ಕುದಿಸಿ, ಇನ್ನೇನು ಉಕ್ಕಬೇಕು ಎನ್ನುವಷ್ಟರಲ್ಲಿ ಚಿತ್ರದಲ್ಲಿ ಭೂಕಂಪ. (ಫ್ರಿಜ್ಜು ಒಂದು ದಿಕ್ಕಿಗೆ, ಅವನ ಮೂಗು ಇನ್ನೊಂದು ದಿಕ್ಕಿಗೆ.)

ಸೋಜಿಗವೆಂದರೆ, ಹೆಂಡತಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಎಂಥ ಸಣಕಲು ತೋಳಿನಲ್ಲೂ ಮೊದಲ ಚುಚ್ಚಿಗೇ ನರ ಹಿಡಿಯುತ್ತಾಳೆ, ಮಗು ಅಳಲು ಬಾಯಿ ತೆರೆಯುವ ಮೊದಲೇ ಸಿರಿಂಜು ತುಂಬಿರುತ್ತದೆ ಎಂದು ಅಲ್ಲಿನವರು ಹೊಗಳುತ್ತಿದ್ದರು. ಹಗಲೆಲ್ಲ ಬಂಡೆಯಂತಿರುವ ಕೈ ಸಂಜೆ ಗಂಡನ ಎದುರು ಮಾತ್ರ ನಡುಗುವುದೇಕೆ? ಅವನು ಬಹಳ ಶಾಸ್ತ್ರೀಯವಾಗಿ ಯೋಚಿಸಿ ತೀರ್ಮಾನಕ್ಕೆ ಬಂದ: ದುಡಿದು ದಣಿದವರ ನರದೌರ್ಬಲ್ಯ. ಮರುದಿನವೇ ಟಾನಿಕ್ ಬಾಟಲಿ ಮನೆ ಸೇರಿತು. ತಾನೇ ಚಮಚದಲ್ಲಿ ಅಳೆದು, ತಾನೇ ಅವಳ ಬಾಯಿಗೆ ಹಿಡಿಯುತ್ತಿದ್ದ. ಅವಳು ಚಕಾರವೆತ್ತದೆ ನುಂಗುತ್ತಿದ್ದಳು. ಆಗ ಅವಳ ಭುಜಗಳೂ ಕುಣಿಯುವುದನ್ನು ಕಂಡು, ಕಾಯಿಲೆ ಮೇಲಕ್ಕೆ ಹಬ್ಬುತ್ತಿದೆಯೆಂದು ಗಾಬರಿಗೊಂಡು ಇನ್ನೊಂದು ಚಮಚ ಸೇರಿಸಿದ.

ಹೀಗಿರುವಾಗ ಟೀವಿ ಚಾನೆಲ್ಲಿನಿಂದ ಕರೆ ಬಂತು. ವಾರಕ್ಕೊಂದು ಹಾಸ್ಯ ಕಾರ್ಯಕ್ರಮ. ಬರವಣಿಗೆ, ನಟನೆ ಎರಡೂ ಅವನದೇ. ಮೊದಲು ಒಂದು ಮಾದರಿ ಕಂತು ತಯಾರಿಸಿ ತೋರಿಸಬೇಕು. ಅಂಗೈಯಗಲದ ಪರದೆಯಲ್ಲಿ ಮುದುಡಿ ಕೂತಿದ್ದ ಪ್ರತಿಭೆಗೆ ಕಡೆಗೂ ಕಾಲು ಚಾಚಲು ಜಾಗ ಸಿಕ್ಕಿತ್ತು. ಇದು ಕೈತಪ್ಪಿದರೆ, ಬಿಟ್ಟುಬಂದ ಟ್ಯೂಷನ್ ಸೆಂಟರಿನ ಮೆಟ್ಟಿಲು ಮತ್ತೆ ಹತ್ತಿ ಬೀಜಗಣಿತಕ್ಕೆ ಶರಣಾಗುವುದೊಂದೇ ದಾರಿ.

ಅವನು ಯಾವ ಅಪಾಯವನ್ನೂ ಮೈಮೇಲೆ ಎಳೆದುಕೊಳ್ಳಲಿಲ್ಲ. ಮೂರು ಕಾಲಿನ ಸ್ಟ್ಯಾಂಡೊಂದನ್ನು ಕೊಂಡು ತಂದು, ಇನ್ನು ಮುಂದೆ ಆ ಕೈಗಳಿಗೆ ಸಂಪೂರ್ಣ ವಿಶ್ರಾಂತಿ ಎಂದು ಹೆಂಡತಿಗೆ ಘನಗಂಭೀರವಾಗಿ ಘೋಷಿಸಿದ.

"ನಿಜವಾಗ್ಲೂ ನಾನು ಬೇಡ್ವಾ?" ಎಂದಳು ಅವಳು.

"ಸ್ಟ್ಯಾಂಡಿಗೆ ನರದೌರ್ಬಲ್ಯ ಇಲ್ಲ ನೋಡು."

ಅವಳು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಮೆಚ್ಚಿ ನಕ್ಕಾಳೆಂದು ಕಾದಿದ್ದ ಅವನಿಗೆ ಸ್ವಲ್ಪ ನಿರಾಸೆಯಾಯಿತು.

ಕಂತನ್ನು ಚಾನೆಲ್ಲಿನ ಮೇಡಂ ಕೊನೆಯವರೆಗೂ ನೋಡಿದರು. ಕಾರ್ಯಕ್ರಮ ಕೊಡುವುದೂ ಬಿಡುವುದೂ ಅವರ ಕೈಯಲ್ಲಿತ್ತು.

"ಚಿತ್ರ ತುಂಬಾ ಚೆನ್ನಾಗಿ ನಿಂತಿದೆ," ಎಂದರು.

ಅವನು ಹಿಗ್ಗಿ ಹೀರೇಕಾಯಾದ.

"ನೀವೂ ಹಾಗೇ ನಿಂತುಬಿಟ್ಟಿದ್ದೀರಿ."

ಹೀರೇಕಾಯಿ ಬಾಡಿತು. ಮೊದಲಿನ ವೀಡಿಯೊಗಳಲ್ಲಿದ್ದ ಆ ಅಲ್ಲಾಟ ಎಲ್ಲಿ ಹೋಯಿತು ಎಂದು ಅವರು ಕೇಳಿದರು. ಅವರ ಆಫೀಸಿನಲ್ಲಿ ಎಲ್ಲರೂ ಚಿತ್ರ ಯಾವಾಗ ಅಲ್ಲಾಡುತ್ತದೋ ಎಂದೇ ಕಾಯುತ್ತಿದ್ದರಂತೆ. ಅದಿಲ್ಲದೆ ಕಾರ್ಯಕ್ರಮವಿಲ್ಲ, ಬೇಕಾದರೆ ಸೋಮವಾರದೊಳಗೆ ಇನ್ನೊಂದು ಕಳಿಸಬಹುದು.

ಅವನು ದಾರಿಯುದ್ದಕ್ಕೂ ಯೋಚಿಸಿದ. ಅಲ್ಲಾಟ ಎಂಬುದು ಹೊಸ ಫ್ಯಾಷನ್ ಇರಬೇಕು. ಸರಿ, ಬೇಕೆಂದಾಗ ಬೇಕಾದಷ್ಟು ಉತ್ಪಾದಿಸಿದರಾಯಿತು. ಭಾನುವಾರ ಮಧ್ಯಾಹ್ನ ಬಟ್ಟೆ ಒಣಹಾಕುವ ಹಗ್ಗದ ಒಂದು ತುದಿಯನ್ನು ಸ್ಟ್ಯಾಂಡಿನ ಕಾಲಿಗೂ ಇನ್ನೊಂದನ್ನು ತನ್ನ ಕಾಲಿಗೂ ಕಟ್ಟಿದ. ಜೋಕು ಹೇಳುವುದು, ಕಾಲು ಜಗ್ಗುವುದು. ಮೊದಲ ಜೋಕಿಗೆ ಸ್ಟ್ಯಾಂಡು ವಿನಯದಿಂದ ತಲೆದೂಗಿತು. ಎರಡನೆಯದಕ್ಕೆ ಸಾಷ್ಟಾಂಗ ಅಡ್ಡಬಿತ್ತು. ಮೊಬೈಲು ಹಾರಿ, ನೀರು ತುಂಬಿದ್ದ ಸಿಂಕಿನಲ್ಲಿ ಎಂಜಲು ಪಾತ್ರೆಗಳ ನಡುವೆ ಅಂತರ್ಧಾನವಾಯಿತು.

ಸದ್ದು ಕೇಳಿ ಹೆಂಡತಿ ಓಡಿಬಂದಳು. "ಇದೇನ್ರೀ ಕಾಲಿಗೆ?"

"ಅವರಿಗೆ ಅಲ್ಲಾಟ ಬೇಕಂತೆ," ಎಂದ ಅವನು, ಸಿಂಕಿನಲ್ಲಿ ಕೈಯಾಡಿಸುತ್ತ. "ನಿನ್ನ ಕಾಯಿಲೇನೇ ಬೇಕಂತೆ."

"ನನಗೆ ಯಾವ ಕಾಯಿಲೇನೂ ಇಲ್ಲ. ಅದು ನಗು ರೀ. ಶಬ್ದ ಸೇರ್ಕೊಳ್ಳುತ್ತೆ, ತುಟಿ ಬಿಗಿ ಹಿಡಿ ಅಂತ ಮೊದಲನೇ ದಿನಾನೇ ಹೇಳಿದ್ರಲ್ಲ. ಬಿಗಿ ಹಿಡಿದೆ. ಕೈ ಮಾತು ಕೇಳ್ಲಿಲ್ಲ."

"ಮತ್ತೆ ಟಾನಿಕ್ಕು?"

"ಬೇಡ ಅನ್ನೋಣ ಅಂತ ದಿನಾ ಅಂದ್ಕೊಳ್ತಿದ್ದೆ. ನೀವು ಚಮಚ ಹಿಡ್ಕೊಂಡು ಮುಖ ಸಣ್ಣದು ಮಾಡ್ಕೊಂಡು ಬರೋರು. ಹೇಗೆ ಬೇಡ ಅನ್ಲಿ?"

ಅವನು ಹಗ್ಗದ ಸಮೇತ ನೆಲದ ಮೇಲೆ ಕುಳಿತುಬಿಟ್ಟ. ದಿನವಿಡೀ ನಿಂತು ಕಂಡವರ ತೋಳು ಹಿಡಿದು ಬಂದವಳು, ಕೈಕಾಲು ತೊಳೆದು, ಅವನ ಮುಂದೆ ಮತ್ತೆ ನಿಲ್ಲುತ್ತಿದ್ದಳು. ನಿಂತು ನಗುತ್ತಿದ್ದಳು. ಊರೆಲ್ಲ ಅವನ ವೀಡಿಯೊಗಳಲ್ಲಿ ಕಂಡದ್ದು ಆ ನಗುವನ್ನೇ. ಅದಕ್ಕೆ ಔಷಧಿ ಕುಡಿಸಿದ ಮಹಾನುಭಾವ ತಾನೊಬ್ಬನೇ. ಎದ್ದು ಸಿಂಕಿನಲ್ಲಿದ್ದ ಪಾತ್ರೆಗಳನ್ನೆಲ್ಲ ತೊಳೆದಿಟ್ಟ.

ಆಮೇಲೆ ಅವಳು ತನ್ನ ಮೊಬೈಲು ಹಿಡಿದು ನಿಂತಳು. ಅವನು ತನ್ನ ಅತ್ಯುತ್ತಮ ಜೋಕನ್ನು ಬಿಟ್ಟ, ಕಣ್ಣು ಅವಳ ಮಣಿಕಟ್ಟಿನ ಮೇಲೆ. ಬಂಡೆ. ಅದಕ್ಕಿಂತ ಉತ್ತಮವಾದದ್ದನ್ನು ಬಿಟ್ಟ. ಹೆಬ್ಬಂಡೆ. ಇಡೀ ಕಂತು ಮುಗಿಯುತ್ತ ಬಂದರೂ ಕೂದಲೆಳೆಯಷ್ಟೂ ಕದಲಿಕೆಯಿಲ್ಲ. ಬೀಜಗಣಿತ ಕಣ್ಣಮುಂದೆ ಸುಳಿಯಿತು. "ನಗೋಕೆ ಏನು ಕಷ್ಟ ನಿಂಗೆ?" ಎಂದು ರೇಗಿ ಅವಳ ಕಡೆಗೆ ದಾಪುಗಾಲು ಹಾಕಿದ. ಕಾಲಿನ ಹಗ್ಗ ಬಿಚ್ಚಿರಲಿಲ್ಲ. ಸ್ಟ್ಯಾಂಡು ಹಿಂದಿನಿಂದ ಬಂದು ಅವನನ್ನು ಸೇರಿಕೊಂಡಿತು. ಅದಾದ ಮೇಲಿನ ಚಿತ್ರದಲ್ಲಿ ಯಾವುದು ನೆಲ, ಯಾವುದು ಗಂಡ ಎಂದು ಹೇಳುವಂತಿರಲಿಲ್ಲ. ಬೇರೆ ದಾರಿಯಿಲ್ಲದೆ ಅದನ್ನೇ ಕಳಿಸಿದ.

ಸೋಮವಾರ ಮೇಡಂ ಫೋನ್ ಮಾಡಿದರು. ಕಾರ್ಯಕ್ರಮ ಖಾತ್ರಿಯಾಗಿತ್ತು. ಜೋಕುಗಳನ್ನು ಕತ್ತರಿಸಿ, ಕೊನೆಯ ಭಾಗವನ್ನು ಮಾತ್ರ ಮೇಲಿನವರಿಗೆ ತೋರಿಸಿದ್ದರಂತೆ. ವಾರದಲ್ಲಿ ಒಂದು ದಿನ ಹೆಂಡತಿಯವರಿಗೆ ಕ್ಯಾಮೆರಾ ಹಿಡಿಯಲು ಬಿಡುವಾಗುತ್ತದೆಯೇ ಎಂದು ಬಹಳ ಮರ್ಯಾದೆಯಿಂದ ವಿಚಾರಿಸಿದರು.

"ಅವರು ಒಪ್ಪಿದರೆ," ಎಂದರು, "ನೀವೂ ಬನ್ನಿ."

ಅವನು ಫೋನಿಟ್ಟು, ಲ್ಯಾಬಿಗೆ ಹೊರಟು ನಿಂತಿದ್ದ ಹೆಂಡತಿಯ ಮುಂದೆ ಹೋಗಿ ನಿಂತ. "ನೀನು ಒಪ್ಪಿದ್ರೆ ನಾನೂ ಬರಬಹುದಂತೆ."

ಯಾವ ಮೊಬೈಲೂ ಚಾಲೂ ಇರಲಿಲ್ಲ. ಅವಳು ಬಾಯಿ ತುಂಬ ನಕ್ಕಳು. ಚಪ್ಪಲಿ ಹಾಕಿಕೊಳ್ಳಲಾಗದೆ ಗೋಡೆ ಹಿಡಿದು ನಕ್ಕಳು. ಅವನು ಪ್ರಶಸ್ತಿ ಸ್ವೀಕರಿಸುವವನಂತೆ ಕೈಕಟ್ಟಿ ನಿಂತು, ಅದು ಮುಗಿಯುವವರೆಗೂ ಕೇಳಿದ.

ಮೊದಲ ಕಂತನ್ನು ಅದೇ ಮಾತಿನಿಂದ ಆರಂಭಿಸಿದ. ಅವಳ ಕೈ ಈಗಲೂ ಮಾತು ಕೇಳಲಿಲ್ಲ. ಟೀವಿಯಲ್ಲಿ ಅವನ ಮುಖದ ಬದಲು ಬಹಳ ಹೊತ್ತು ಸ್ಟುಡಿಯೊದ ಛಾವಣಿಯೇ ಕಾಣಿಸಿತು. ಬಂಧುಬಳಗದವರೆಲ್ಲ ಫೋನ್ ಮಾಡಿ, ಅವನು ಇಷ್ಟು ಚೆನ್ನಾಗಿ ಕಂಡದ್ದೇ ಇಲ್ಲ ಎಂದರು. ಅವನು ಒಬ್ಬೊಬ್ಬರಿಗೂ ಮನಸಾರೆ ವಂದನೆ ಹೇಳಿದ.