ಟಿ.ವಿ.ಗೂ ಸೈ, ಕೈಗೂ ಸೈ

ನನ್ನ ಬರವಣಿಗೆಯ ಮೇಲೆ ನನ್ನ ಹೆಂಡತಿಗೆ ಎಷ್ಟು ಗೌರವವೆಂದರೆ, ಅದನ್ನು ಇದುವರೆಗೆ ಅವಳು ಮುಟ್ಟಿಯೂ ಮೈಲಿಗೆ ಮಾಡಿಲ್ಲ. ಓದುವುದಂತೂ ದೂರದ ಮಾತು. ನಾನು ವಾರಪತ್ರಿಕೆಯೊಂದರಲ್ಲಿ ಕರಡು ತಿದ್ದುವವನು. ಅದು ಹೊಟ್ಟೆಪಾಡು. ಅದೇ ಪತ್ರಿಕೆಯ ಕೊನೆಯ ಪುಟದಲ್ಲಿ ‘ಮೊದಲ ನೋಟ’ ಎಂಬ ಅಂಕಣ ಬರೆಯುವವನೂ ನಾನೇ. ಅದು ಆತ್ಮಗೌರವ. ಮಾರುಕಟ್ಟೆಗೆ ಬಂದ ಹೊಸ ವಸ್ತುವನ್ನು ಎರಡು ದಿನ ಮನೆಯಲ್ಲಿಟ್ಟುಕೊಂಡು ಅದರ ಗುಣಾವಗುಣಗಳನ್ನು ಲೋಕಕ್ಕೆ ಸಾರುವ ಕೆಲಸ. ಇಡೀ ಪತ್ರಿಕೆಯಲ್ಲಿ ನನ್ನ ಹೆಸರು ಅಚ್ಚಾಗುವ ಜಾಗ ಅದೊಂದೇ. (ಉಳಿದ ಪುಟಗಳಲ್ಲಿ ನಾನು ತೆಗೆದ ತಪ್ಪುಗಳಿವೆ. ತೆಗೆದಿದ್ದರಿಂದ ಅವು ಯಾರಿಗೂ ಕಾಣುವುದಿಲ್ಲ.)

ಶುಕ್ರವಾರ ಸಂಪಾದಕರು ಒಂದು ಪೆಟ್ಟಿಗೆಯನ್ನು ನನ್ನ ಮುಂದೆ ತಳ್ಳಿದರು.

“ಗೇಮ್ ಕನ್ಸೋಲು. ಈ ವಾರ ತಾನೇ ಬಿಡುಗಡೆಯಾಗಿದೆ. ಈ ಪೀಠದಲ್ಲಿ ಕೂರಿಸಿದ್ರೆ ಟಿ.ವಿ.ಲಿ ಆಟ, ಎತ್ಕೊಂಡ್ರೆ ಕೈಯಲ್ಲೇ ಆಟ. ಟಿ.ವಿ.ಗೂ ಸೈ, ಕೈಗೂ ಸೈ. ಸೋಮವಾರ ಕಂಪನಿಯವರು ಬಂದು ವಾಪಸ್ ತಗೊಂಡು ಹೋಗ್ತಾರೆ. ಇಸ್ತ್ರಿಪೆಟ್ಟಿಗೆ ನೆನಪಿದೆ ತಾನೇ?”

ನೆನಪಿಲ್ಲದೆ ಏನು? ಹೊಸ ಇಸ್ತ್ರಿಪೆಟ್ಟಿಗೆಯ ತಳ ಕಪ್ಪಾಗಿ, ಅದಕ್ಕೆ ನನ್ನದೇ ಅಂಗಿಯ ಜೇಬು ಅಂಟಿಕೊಂಡ ಸ್ಥಿತಿಯಲ್ಲಿ ನಾನು ಹಿಂತಿರುಗಿಸಿದ್ದೆ.

“ಈ ಸಲ ಒಂದೇ ಒಂದು ಗೀರು ಬಿದ್ರೂ ಅಂಕಣಕ್ಕೆ ಎಳ್ಳುನೀರು ಬಿಟ್ಬಿಡಿ” ಎಂದರು.

ಮಗುವನ್ನೆತ್ತಿಕೊಂಡಂತೆ ಪೆಟ್ಟಿಗೆಯನ್ನು ಮನೆಗೆ ತಂದೆ.

ಶನಿವಾರ ಬೆಳಿಗ್ಗೆ ಯಂತ್ರವನ್ನು ಹೊರತೆಗೆದೆ. ತೆಳುವಾದ ಪ್ಲಾಸ್ಟಿಕ್ ಚೀಲವೊಂದನ್ನು ಅದು ಮೈತುಂಬ ಹೊದ್ದಿತ್ತು. ಒಳಗೆ ಪರದೆಯ ಮೇಲೆ ಬೆಳ್ಳಗಿನ, ಪೊರೆಯಂಥ ತೆಳು ಹಾಳೆಯೊಂದು ಅಂಟಿಕೊಂಡಿತ್ತು. ಹೆಂಡತಿ ಕೈ ಚಾಚಿದಳು. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು.

“ಕೊಡಿ ಇಲ್ಲಿ, ಕಿತ್ತು ಕೊಡ್ತೀನಿ. ದಿನಕ್ಕೆ ನೂರು ಕನ್ನಡಕದ ಮೇಲಿಂದ ಇಂಥದ್ದನ್ನ ಕೀಳ್ತೀನಿ.”

“ಮುಟ್ಟಬೇಡ ಕಣೇ! ಗೀರು ಬಿದ್ರೆ ನನ್ನ ಅಂಕಣ ಹೋಯ್ತು!”

“ಅಲ್ಲಾ ರೀ, ಚೀಲದ ಒಳಗಿಟ್ಟು ಆಡ್ತೀರಾ? ರೇನ್‌ಕೋಟ್ ಹಾಕ್ಕೊಂಡು ಸ್ನಾನ ಮಾಡಿದ ಹಾಗಾಯ್ತು.”

“ವಿಮರ್ಶಕನಿಗೆ ಅಂತರ ಇರಬೇಕು” ಎಂದೆ ಗಂಭೀರವಾಗಿ.

“ಇರಲಿ, ಇರಲಿ. ನಿಮಗೂ ಬುದ್ಧಿಗೂ ಇರೋ ಅಂತರ ಮೊದಲಿಂದ ಗೊತ್ತಿರೋದೇ” ಎಂದು ಒಳಗೆ ಹೋದಳು.

ಅಂತರ ಕಾಯ್ದುಕೊಂಡು ಆಟಕ್ಕಿಳಿದೆ. ಹೆಸರು ನಮೂದಿಸಿ ಎಂದಿತು. ‘ಯಜಮಾನ’ ಎಂದು ಒತ್ತಿದೆ. ನಾಲ್ಕು ಸಲ ಒತ್ತಿದ ಮೇಲೆ ಒಪ್ಪಿಕೊಂಡಿತು. ಆಟವೇನೋ ಸರಳ: ಕಾರು ಓಡಿಸಬೇಕು, ಸೇತುವೆ ದಾಟಬೇಕು. ನನ್ನ ಕಾರು ಸೇತುವೆಯವರೆಗೆ ಹೋಗುತ್ತಿತ್ತು, ಹೊಳೆಗೆ ಹಾರುತ್ತಿತ್ತು. ಹನ್ನೊಂದು ಸಲ ಹಾರಿತು. ಸೇತುವೆ ಎಲ್ಲಿದೆಯೆಂದು ಕಂಡರೆ ತಾನೇ? ಪರದೆಯ ತುಂಬ ಮಬ್ಬು. ಟಿ.ವಿ.ಯಲ್ಲಾದರೂ ನೋಡೋಣವೆಂದು ಚೀಲದ ಸಮೇತ ಪೀಠದಲ್ಲಿ ಕೂರಿಸಿದೆ. ಕೂರಲಿಲ್ಲ. ಒತ್ತಿದೆ, ತಟ್ಟಿದೆ, ಬೈದೆ. ಅಷ್ಟರಲ್ಲಿ ಯಂತ್ರದ ಬೆನ್ನು ಜ್ವರ ಬಂದವರ ಹಣೆಯಂತೆ ಕಾದಿತ್ತು. ನನ್ನ ತಲೆಯೂ ಕಾದಿತ್ತು.

“ಎತ್ಕೊಂಡು ಹೋಗೋ ಯಂತ್ರ ಅಂದ್ರಲ್ಲ, ಎತ್ಕೊಂಡು ಬಾಲ್ಕನಿಗೆ ಹೋಗಿ. ಬೆಳಿಗ್ಗೆಯಿಂದ ಟಿ.ವಿ.ಗೆ ಅಡ್ಡ ಕೂತಿದೀರ” ಎಂದಳು ಹೆಂಡತಿ.

ನಾನು ಕದಲಲಿಲ್ಲ. (ಬಾಲ್ಕನಿಯಲ್ಲಿ ಒಣಗಿದ ಬಟ್ಟೆಗಳಿದ್ದವು. ಹೋದವನು ಅವನ್ನು ಮಡಚಿಯೇ ಬರಬೇಕು.)

ಭಾನುವಾರ ಊಟ ಮುಗಿಸಿ, ಸಿಟ್ಟಿನ ಭರದಲ್ಲೇ ವಿಮರ್ಶೆ ಬರೆದೆ. ಆಹಾ, ಅದೇನು ಗದ್ಯ! ‘ಈ ಯಂತ್ರದ ಪರದೆ ಮಂಜಿನ ಮಡಿಲು. ಇದರ ಗುಂಡಿಗಳು ಕಿವುಡು. ಇದು ಪೀಠವೇರಲೊಲ್ಲದ ಅರಸ. ಟಿ.ವಿ.ಗೂ ಇಲ್ಲ, ಕೈಗೂ ಇಲ್ಲ; ಎರಡು ದೋಣಿಯಲ್ಲಿ ಕಾಲಿಟ್ಟು ಮುಳುಗಿದ ವಸ್ತು. ಎರಡು ದಿನ ಇದರೊಡನೆ ಏಗಿದವನ ಮಾತಿದು, ನಂಬಿ.’ ಬರೆದು ಮುಗಿಸಿದಾಗ ನನ್ನ ಬಗ್ಗೆ ನನಗೇ ಹೆಮ್ಮೆಯೆನಿಸಿತು. ಆ ಹೆಮ್ಮೆಯಲ್ಲೇ ಮೂರು ಗಂಟೆ ಗಾಢವಾಗಿ ನಿದ್ದೆ ಮಾಡಿದೆ.

ಸೋಮವಾರ ಸಂಪಾದಕರ ಕೋಣೆಯಲ್ಲಿ ಕಂಪನಿಯ ಕಡೆಯಿಂದ ಬಂದ ಹುಡುಗಿಯೊಬ್ಬಳು ಕುಳಿತಿದ್ದಳು. ಸಂಪಾದಕರು ಅವಳೆದುರಿಗೇ ನನ್ನ ವಿಮರ್ಶೆಯನ್ನು ಗಟ್ಟಿಯಾಗಿ ಓದಿದರು. ‘ಪೀಠವೇರಲೊಲ್ಲದ ಅರಸ’ ಬಂದಾಗ ನಾನು ಮೀಸೆಯಲ್ಲೇ ನಕ್ಕೆ. ಹುಡುಗಿಯ ಮುಖ ಬಾಡಿತು. ಪಾಪ ಎನಿಸಿತು, ಆದರೆ ಸತ್ಯ ಕಹಿಯಲ್ಲವೇ?

“ಯಂತ್ರ ತಂದಿದೀರಾ ಸರ್?” ಎಂದಳು.

“ಒಂದು ಗೀರಿಲ್ಲ, ನೋಡಿಕೊಳ್ಳಿ!” ಎಂದು ಮೇಜಿನ ಮೇಲಿಟ್ಟೆ.

ಅವಳು ನೋಡಿದಳು. ಸಂಪಾದಕರೂ ನೋಡಿದರು. ಅವಳು ಎರಡೇ ಬೆರಳಲ್ಲಿ ಚೀಲವನ್ನು ಎಳೆದಳು. ಆಮೇಲೆ ಹಾಳೆಯ ಮೂಲೆ ಹಿಡಿದು ಚರ್ರನೆ ಕಿತ್ತಳು. ಅದರ ಮೂಲೆಯ ಪಟ್ಟಿಯಲ್ಲಿ ಕೆಂಪಕ್ಷರದಲ್ಲಿ ಅಚ್ಚಾಗಿತ್ತು: ‘ಬಳಸುವ ಮುನ್ನ ತೆಗೆಯಿರಿ.’ ನಾನೋ ಜೀವಮಾನವೆಲ್ಲ ಅಚ್ಚಾದದ್ದನ್ನು ಓದಿಯೇ ಸಂಬಳ ತೆಗೆದುಕೊಳ್ಳುವವನು! ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು.

“ಸರ್, ನೀವು ವಿಮರ್ಶೆ ಮಾಡಿದ್ದು ನಮ್ಮ ಯಂತ್ರವನ್ನಲ್ಲ, ಪ್ಯಾಕಿಂಗನ್ನ” ಎಂದು ಅವಳು ಯಂತ್ರವನ್ನು ಚಾಲೂ ಮಾಡಿದಳು. ಪರದೆ ಥಳಥಳಿಸಿತು. ಮೊದಲ ಹತ್ತು ಆಟಗಾರರ ಪಟ್ಟಿ ಮೂಡಿತು. ಒಂದರಿಂದ ಒಂಬತ್ತರವರೆಗೆ ‘ಯಜಮಾನಿ’. ಹತ್ತನೆಯದು ‘ಯಜಮಾನ: ಸೇತುವೆ ದಾಟಿಲ್ಲ’.

“ಯಜಮಾನಿ ಯಾರ್ರೀ?” ಎಂದರು ಸಂಪಾದಕರು.

ಹೆಂಡತಿಗೆ ಫೋನ್ ಮಾಡಿದೆ. ಸ್ಪೀಕರ್ ಒತ್ತಿದವರು ಸಂಪಾದಕರು, ನಾನಲ್ಲ.

“ನೀನು ಯಾವಾಗ ಆಡಿದ್ದು?”

“ನಿನ್ನೆ ನೀವು ಗೊರಕೆ ಹೊಡೀವಾಗ. ಕಿತ್ತೆ, ಆಡ್ದೆ, ವಾಪಸ್ ಅಂಟಿಸ್ದೆ. ಒಂದು ಗುಳ್ಳೆ ಎದ್ದಿದ್ರೆ ಕೇಳಿ! ಏನ್ ಚೆನ್ನಾಗಿದೆ ರೀ ಅದು!”

“ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ನಲ್ಲ, ಕಿತ್ತು ಕೊಡ್ತೀನಿ ಅಂತ. ನನ್ ಮಾತು ಯಾವತ್ತು ಕೇಳಿದೀರಿ?”

ಸಂಪಾದಕರು ಫೋನ್ ಕಿತ್ತುಕೊಂಡರು. “ಅಮ್ಮಾ, ಚೆನ್ನಾಗಿದೆ ಅಂದ್ರಲ್ಲ, ಏನೇನು ಚೆನ್ನಾಗಿದೆ, ಏನಿಲ್ಲ, ಸ್ವಲ್ಪ ಹೇಳ್ತೀರಾ?” ಅವಳು ಹೇಳಿದಳು. ಅವರು ಬರೆದುಕೊಂಡರು. ನನ್ನ ವಿಮರ್ಶೆಯ ಹಾಳೆಯ ಹಿಂಬದಿಯಲ್ಲೇ ಬರೆದುಕೊಂಡರು.

ಬುಧವಾರ ‘ಮೊದಲ ನೋಟ’ದ ಕರಡು ನನ್ನ ಮೇಜಿಗೆ ಬಂತು. ಕೆಳಗೆ ಹೆಂಡತಿಯ ಹೆಸರು. ‘ಕೈಗೆ ಹಗುರ. ಬೆನ್ನು ಬೆಚ್ಚಗಾಗುತ್ತದೆ, ಸುಡುವುದಿಲ್ಲ. ಬಿಸಿಲಿನಲ್ಲಿ ಪರದೆ ತುಸು ಮಂಕು. ಬ್ಯಾಟರಿ ಮೂರು ಗಂಟೆ ಬರುತ್ತದೆ. ನಮ್ಮವರ ಮಧ್ಯಾಹ್ನದ ನಿದ್ದೆಗೆ ಸರಿಹೋಯಿತು. ಟಿ.ವಿ. ಮುಂದಿನಿಂದ ಎತ್ತಿಕೊಂಡು ಹೋಗಬಹುದಾದದ್ದೊಂದು ನಮ್ಮ ಮನೆಗೆ ಬಂದದ್ದು ಇದೇ ಮೊದಲು. ಇಷ್ಟು ವರ್ಷ ಇದ್ದದ್ದು ಎಬ್ಬಿಸಿದರೂ ಏಳುತ್ತಿರಲಿಲ್ಲ.’

ಕೆಂಪು ಪೆನ್ನು ಹಿಡಿದು ಮೂರು ಸಲ ಓದಿದೆ. ತಿದ್ದಲು ಒಂದು ತಪ್ಪೂ ಸಿಗಲಿಲ್ಲ.