ಪೋಪ್ ಚರ್ಚಿಗೆ ನುಗ್ಗಿದ್ದು

ನಾಯಿಯ ಹಗ್ಗ ಮಲಾಕಿಯ ಕೈಯಿಂದ ಜಾರಿತು. ಅದರ ತುದಿಯನ್ನು ಬೂಟಿನಿಂದ ತುಳಿದು ಹಿಡಿಯಲು ಹೋದ. ತುಳಿದದ್ದು ಪಕ್ಕದಲ್ಲಿದ್ದ ಪ್ಯಾಕಿ ಲ್ಯಾವೆಲ್‌ನ ಹೆಬ್ಬೆರಳನ್ನು. ಪ್ಯಾಕಿ ಸಮಾಧಿಯೊಳಗಿದ್ದವರಿಗೂ ಕೇಳಿಸುವಂತೆ ಬೈದ. ಅಷ್ಟರಲ್ಲಿ ನಾಯಿ ಸಮಾಧಿಕಲ್ಲುಗಳನ್ನು ಹಾರಿಕೊಂಡು ಶವಪೆಟ್ಟಿಗೆಯ ಹಿಂದೆಯೇ ಚರ್ಚಿನ ಬಾಗಿಲಿನತ್ತ ಓಡುತ್ತಿತ್ತು.

“ಪೋಪ್, ಬಾ ಇಲ್ಲಿ,” ಎಂದು ಮಲಾಕಿ ಕೂಗಿದ. “ಪೋಪ್, ನಿನ್ನ ಮೂತಿಗೆ ಒದೀತೀನಿ ನೋಡು.”

ಮಳೆಯಲ್ಲಿ ನಿಂತಿದ್ದ ಇಡೀ ಊರು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಿತು.

ನಾಯಿಗೆ ಆ ಹೆಸರಿಟ್ಟವರು ಈಗ ಪೆಟ್ಟಿಗೆಯೊಳಗೆ ಮಲಗಿದ್ದ ಲಾರ್ಡ್ ನಾಕ್‌ಬ್ರ್ಯಾಕ್. ಅವರ ಮನೆತನ ಪ್ರಾಟೆಸ್ಟೆಂಟ್, ಸುತ್ತಲಿನ ಊರು ರೋಮಿನ ಪೋಪರನ್ನೇ ಪರಮಗುರು ಎಂದು ನಂಬಿದ ಕ್ಯಾಥೊಲಿಕ್. ಅವರ ಅಜ್ಜನ ನಾಯಿಯೂ ಪೋಪ್, ಅಪ್ಪನ ನಾಯಿಯೂ ಪೋಪ್. ಬೆಳ್ಳಿ ಪಾತ್ರೆ, ಕುದುರೆ, ಕಾಡು ಎಲ್ಲವನ್ನೂ ಒಂದೊಂದಾಗಿ ಮಾರಿಕೊಂಡ ಆ ಮನೆತನ ಕೈಬಿಡದೆ ಉಳಿಸಿಕೊಂಡಿದ್ದ ಸಂಪ್ರದಾಯ ಅದೊಂದೇ.

ಊರಿನದೂ ಒಂದು ಸಂಪ್ರದಾಯವಿತ್ತು. ಪ್ರಾಟೆಸ್ಟೆಂಟರ ಚರ್ಚಿನೊಳಗೆ ಕಾಲಿಡುವುದು ಕ್ಯಾಥೊಲಿಕರಿಗೆ ಪಾಪ. ಹಾಗೆಂದು ನೆರೆಯವನು ಸತ್ತಾಗ ಮನೆಯಲ್ಲಿ ಕೂರುವುದು ಅದಕ್ಕಿಂತ ದೊಡ್ಡ ನಾಚಿಕೆಗೇಡು. ಆದ್ದರಿಂದ ಅವರು ಪೆಟ್ಟಿಗೆಯನ್ನು ಹೊಸ್ತಿಲವರೆಗೆ ಹೊತ್ತು ತರುತ್ತಿದ್ದರು, ಅಲ್ಲಿ ಇಳಿಸಿ ಅಂಗಳದ ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದರು, ಒಳಗಿನ ಪ್ರಾರ್ಥನೆ ಮುಗಿದ ಮೇಲೆ ಮತ್ತೆ ಹೊತ್ತು ಗುಂಡಿಗಿಳಿಸುತ್ತಿದ್ದರು. ಯಾರ ಕಾಲಾದರೂ ತಪ್ಪಿ ಹೊಸ್ತಿಲು ದಾಟೀತೆಂದು ಕ್ಯಾಥೊಲಿಕರ ಗುರು ಫಾದರ್ ಕನೀನ್ ಗೇಟಿನ ಬಳಿ ಕೊಡೆ ಹಿಡಿದು ಕಾಯುತ್ತಿದ್ದರು.

ಮಲಾಕಿ ಟೀರ್ನನ್‌ನ ಕಾಲು ದಾಟಿತು. ಒಂದಲ್ಲ, ಎರಡೂ.

ಅವನಿಗೆ ಆ ಹೊತ್ತಿನಲ್ಲಿ ಪಾಪ ಪುಣ್ಯದ ಯೋಚನೆಯೇ ಬರಲಿಲ್ಲ. ಬಂದದ್ದು ಹೊಳೆಹೊಲದ ಯೋಚನೆ. ಹೊಳೆಯ ದಂಡೆಯಲ್ಲಿದ್ದ ಆ ಹುಲ್ಲುಗಾವಲು ಲಾರ್ಡರದು. ಅದರಲ್ಲಿ ಮೇಯುತ್ತಿದ್ದ ಹಸು ಮಲಾಕಿಯದು. ದಿನಾ ಬೆಳಗ್ಗೆ ಅವನು ದೊಡ್ಡ ಮನೆಗೆ ಹಾಲು ಕೊಡಲು ಹೋದಾಗ ಲಾರ್ಡರು, “ಆ ಹೊಲಾನಾ? ನಾನು ಸತ್ತ ಮೇಲೆ ನೋಡೋಣ,” ಎನ್ನುತ್ತಿದ್ದರು. ಹೊಲದ ಪಕ್ಕದಲ್ಲೇ ಡೀಲಿಯಾ ಫೀನಿಯ ಪಬ್ ಇತ್ತು. ಒಂಬತ್ತು ವರ್ಷದಿಂದ ಮಲಾಕಿ ಅವಳನ್ನು ಮದುವೆಯಾಗು ಎಂದು ಕೇಳುತ್ತಿದ್ದ. “ಹೊಲ ನಿನ್ನ ಹೆಸರಿಗೆ ಬಂದ ದಿನ ಬಾ,” ಎಂದು ಒಂಬತ್ತು ವರ್ಷದಿಂದ ಅವಳು ಹೇಳುತ್ತಿದ್ದಳು. ಇವತ್ತು ಡಬ್ಲಿನ್‌ನಿಂದ ವಕೀಲ ಪಿಮ್ ಬಂದಿದ್ದ. ಮಣ್ಣು ಮುಗಿಯುವ ತನಕ ನಾಯಿಯನ್ನು ನೋಡಿಕೊಳ್ಳಿ ಎಂದು ಮಲಾಕಿಗೇ ಒಪ್ಪಿಸಿದ್ದ. ಅಂಥ ನಾಯಿ ಕೈತಪ್ಪಿದರೆ ಹೊಲ ಸಿಕ್ಕೀತೇ?

ಒಳಗೆ ನಾಲ್ಕೇ ಜನ. ಪ್ರಾಟೆಸ್ಟೆಂಟರ ಪಾದ್ರಿ, ವಕೀಲ ಪಿಮ್, ಆರ್ಗನ್ ಬಾರಿಸಲು ಕೂತಿದ್ದ ಕಿವುಡು ಮುದುಕಿ, ಮತ್ತು ಲಾರ್ಡರು. ಪೋಪ್ ತಳ್ಳುಗಾಡಿಯ ಮೇಲಿದ್ದ ಪೆಟ್ಟಿಗೆಯ ಕೆಳಗೆ ಹೋಗಿ ಮಲಗಿತ್ತು. ಮಲಾಕಿ ಬೆಂಚುಗಳ ನಡುವೆ ಮೊಣಕಾಲೂರಿ ತೆವಳಿದ. ನಾಯಿ ಗುರ್ ಎಂದಿತು. ಪಾದ್ರಿ ಕಣ್ಣೆತ್ತಿ ನೋಡಿದವನು, ಆ ಊರಿನಲ್ಲಿ ತನ್ನ ಎದುರು ಒಬ್ಬ ಮೊಣಕಾಲೂರಿದ್ದನ್ನು ಮೊದಲ ಬಾರಿ ಕಂಡು, ಕಣ್ಣಲ್ಲಿ ನೀರು ತುಂಬಿಕೊಂಡ.

“ಬನ್ನಿ ಸಹೋದರ, ಮುಂದೆ ಬನ್ನಿ,” ಎಂದ.

“ನಾನು ನಾಯಿಗೆ ಬಂದೆ ಸ್ವಾಮಿ,” ಎಂದು ಮಲಾಕಿ ಪಿಸುಗುಟ್ಟಿದ. ಆದರೆ ಅಷ್ಟು ಹೊತ್ತಿಗೆ ಕಿವುಡು ಮುದುಕಿ ಆರ್ಗನ್ ಶುರುಮಾಡಿದ್ದಳು. ಕರು ಹಾಕಲು ಕಷ್ಟಪಡುವ ಹಸುವಿನಂತೆ ಅದು ಕೂಗಿತು. ಪಾದ್ರಿ ಅವನ ಕೈಗೆ ಹಾಡಿನ ಪುಸ್ತಕ ಕೊಟ್ಟ. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ನಾಯಿಯ ಕತ್ತಿನ ಪಟ್ಟಿ. ಮಲಾಕಿ ಬಾಯಿ ತೆರೆದು ಮುಚ್ಚಿ ಹಾಡಿದಂತೆ ಮಾಡಿದ. ಮೀನೂ ಹಾಗೆ ಮಾಡುತ್ತದೆ, ಅದಕ್ಕೆ ಪಾಪ ತಟ್ಟುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡ.

ಪಾದ್ರಿ ಲಾರ್ಡರ ಜೀವನದ ಬಗ್ಗೆ ಮಾತಾಡಿದ. ಯುದ್ಧಭೂಮಿಯಲ್ಲಿ ಎರಡು ಬೆರಳು ಕಳೆದುಕೊಂಡ ವೀರ ಎಂದ. ಅವು ಹೋದದ್ದು ಇಲಿಬೋನಿನಲ್ಲಿ ಎಂದು ಮಲಾಕಿಗೆ ಗೊತ್ತಿತ್ತು. ಬೋನು ಬಿಡಿಸಿದವನೇ ಅವನು. ಇಂಗ್ಲಿಷರ ವಿರುದ್ಧ ಊರು ಎದ್ದ ಬಂಡಾಯದ ವರ್ಷ ಮನೆ ಸುಡಲು ಬಂದವರನ್ನು ಧೈರ್ಯದಿಂದ ಎದುರಿಸಿದರು ಎಂದ. ಸುಡಲು ಹೋದವರಲ್ಲಿ ಮಲಾಕಿಯ ಅಪ್ಪನೂ ಇದ್ದ. ಮನೆ ಎಷ್ಟು ಒದ್ದೆಯಾಗಿತ್ತೆಂದರೆ ಬೆಂಕಿಯೇ ಹತ್ತಲಿಲ್ಲ. ಕೊನೆಗೆ ಲಾರ್ಡರೇ ಪಾಪ ಅಂದುಕೊಂಡು ಎಲ್ಲರಿಗೂ ವಿಸ್ಕಿ ಕೊಟ್ಟು, ಬೇಸಿಗೆಯಲ್ಲಿ ಬನ್ನಿ ಎಂದು ಕಳಿಸಿದ್ದರು. ಆಮೇಲೆ ಒಂದೊಂದು ಕೋಣೆ ಸೋರತೊಡಗಿದಂತೆ ಅದರ ಬಾಗಿಲು ಹಾಕಿಕೊಂಡು ಹಿಂದೆ ಸರಿಯುತ್ತ ಸರಿಯುತ್ತ, ಕೊನೆಯ ವರ್ಷಗಳಲ್ಲಿ ನಲವತ್ತು ಕೋಣೆಯ ಮನೆಯ ಧಣಿ ಅಡಿಗೆಮನೆಯ ಉಗ್ರಾಣದಲ್ಲಿ ನಾಯಿಯ ಜೊತೆ ಮಲಗುತ್ತಿದ್ದರು. ಇದನ್ನು ಪಾದ್ರಿ ಸರಳ ಜೀವನ ಎಂದು ಕರೆದ.

ಪ್ರಾರ್ಥನೆ ಮುಗಿಯಿತು, ಮಲಾಕಿಯ ಗ್ರಹಚಾರ ಮುಗಿಯಲಿಲ್ಲ. ತಳ್ಳುಗಾಡಿಯ ಚಕ್ರ ಕಳಚಿ ಬೆಂಚಿನಡಿ ಉರುಳಿಹೋಯಿತು. ಪಿಮ್ ಪೀಚು ಆಳು, ಪಾದ್ರಿಗೆ ಸೊಂಟ ನೋವು. ಮಲಾಕಿ ಮುಂಭಾಗಕ್ಕೆ ಹೆಗಲು ಕೊಟ್ಟ. ಹೀಗೆ ಬಾಗಿಲು ತೆರೆದಾಗ ಊರಿಗೆ ಕಂಡದ್ದು ಇದು: ಪ್ರಾಟೆಸ್ಟೆಂಟರ ಚರ್ಚಿನಿಂದ, ಕಂಕುಳಲ್ಲಿ ಹಾಡಿನ ಪುಸ್ತಕ ಸಿಕ್ಕಿಸಿಕೊಂಡು, ಮನೆಯ ಹಿರಿಮಗನಂತೆ ಹೆಣ ಹೊತ್ತು ಹೊರಬರುತ್ತಿರುವ ಮಲಾಕಿ ಟೀರ್ನನ್. ಹಿಂದೆ ಬಾಲ ಅಲ್ಲಾಡಿಸುತ್ತ ಪೋಪ್.

ಪ್ಯಾಕಿ ಕುಂಟುತ್ತ ಬಂದು ಪೆಟ್ಟಿಗೆಗೆ ಹೆಗಲು ಕೊಟ್ಟು, ಮೆಲ್ಲಗೆ ಕೇಳಿದ.

“ಸೂಪು ಹೇಗಿತ್ತು ಮಲಾಕಿ?”

ಅದಕ್ಕಿಂತ ಕೆಟ್ಟ ಬೈಗುಳ ಆ ಸೀಮೆಯಲ್ಲಿ ಇರಲಿಲ್ಲ. ಆಲೂಗಡ್ಡೆ ನೆಲದಲ್ಲೇ ಕೊಳೆತ ಬರಗಾಲದಲ್ಲಿ ಪ್ರಾಟೆಸ್ಟೆಂಟರು ಕೊಡುತ್ತಿದ್ದ ಒಂದು ಬಟ್ಟಲು ಸೂಪಿಗಾಗಿ ಚರ್ಚು ಬದಲಿಸಿದವರಿದ್ದರು. ಅವರ ಮರಿಮಕ್ಕಳಿಗೂ ಊರು ಇನ್ನೂ ಅದನ್ನು ಮರೆಯಲು ಬಿಟ್ಟಿರಲಿಲ್ಲ.

ಮಣ್ಣು ಮುಗಿಸಿ ಎಲ್ಲರೂ ಡೀಲಿಯಾಳ ಪಬ್‌ಗೆ ಬಂದರು. ಮಲಾಕಿ ಕೂತ ಬೆಂಚಿನಿಂದ ಉಳಿದವರು ಎದ್ದು ಹೋದರು. ಪೋಪ್ ಮಾತ್ರ ಉಳಿಯಿತು.

“ನಾನು ನಾಯಿ ಹಿಡಿಯೋಕೆ ಹೋದೆ ಕಣ್ರಪ್ಪಾ,” ಎಂದ ಮಲಾಕಿ.

“ನಾಯಿ ಹಿಡಿಯೋಕೆ ಹಾಡಿನ ಪುಸ್ತಕ ಯಾಕಪ್ಪಾ ಬೇಕಾಯ್ತು?” ಎಂದ ಪ್ಯಾಕಿ. “ಹಾಡು ಹೇಳಿ ಕರೆದ್ಯಾ?”

“ನಮ್ಮಜ್ಜಿ ಹಸಿವಿನಿಂದ ಸತ್ಲು, ಆದರೂ ಆ ಬಾಗಿಲಿಗೆ ಹೋಗಲಿಲ್ಲ,” ಎಂದು ಮೂಲೆಯಿಂದ ಯಾರೋ ಹೇಳಿದರು.

“ನಿಮ್ಮಜ್ಜಿ ತೊಂಬತ್ತು ದಾಟಿ, ತಿಂದು ಅಜೀರ್ಣ ಆಗಿ ಸತ್ಲು,” ಎಂದಳು ಡೀಲಿಯಾ. ಆದರೆ ಮಲಾಕಿಯ ಮುಂದೆ ಗ್ಲಾಸು ಇಡಲಿಲ್ಲ.

ಮಲಾಕಿ ಫಾದರ್ ಕನೀನ್ ಬಳಿ ಹೋದ. “ಫಾದರ್, ನೀವಾದ್ರೂ ಹೇಳಿ.”

“ಇದು ನನ್ನ ಕೈಲಿಲ್ಲ ಕಣಪ್ಪಾ,” ಎಂದರು ಫಾದರ್, ಕೋಟಿನ ನೀರು ಹಿಂಡುತ್ತ. “ಒಳಗೆ ಹೋಗಿದ್ದು ಒಂದು ಪಾಪ. ಹಾಡಿದ್ದು ಇನ್ನೊಂದು.”

“ಬಾಯಿ ಮಾತ್ರ ಆಡಿಸಿದೆ.”

“ಹಾಗಾದ್ರೆ ಮೋಸಾನೂ ಸೇರ್ತು. ಇದಕ್ಕೆ ಕ್ಷಮೆ ಕೇಳೋಕೆ ಬಿಷಪ್ಪರ ಹತ್ತಿರಾನೇ ಹೋಗ್ಬೇಕು. ಬರಿಗಾಲಲ್ಲಿ ಹೋದ್ರೆ ಒಳ್ಳೇದು.”

ಆಗ ಬಾಗಿಲು ತೆರೆದು ವಕೀಲ ಪಿಮ್ ಒಳಬಂದ. ಟೊಪ್ಪಿಯ ನೀರನ್ನು ಜಾಡಿಸಿ, ಒಲೆಯ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡ. ಎಲ್ಲರೂ ಅವನತ್ತ ತಿರುಗಿದರು. ಅಲ್ಲಿದ್ದವರಲ್ಲಿ ಲಾರ್ಡರ ಒಂದಲ್ಲ ಒಂದು ತುಂಡು ನೆಲದ ಮೇಲೆ ಹಸುವೋ ಕುರಿಯೋ ಬಿಟ್ಟುಕೊಳ್ಳದವರು ಯಾರೂ ಇರಲಿಲ್ಲ.

“ಲಾರ್ಡ್ ಬಿರುದು ಕೀನ್ಯಾದಲ್ಲಿ ಕಾಫಿ ಬೆಳೆಯುವ ತಮ್ಮನ ಮಗನಿಗೆ ಹೋಗುತ್ತೆ, ಅದನ್ನು ತಡೆಯೋಕಾಗಲ್ಲ,” ಎಂದ ಪಿಮ್. “ಮನೆಯೂ ಅವನಿಗೇ. ಅವನು ನೋಡಿಲ್ಲ, ಹಾಗಾಗಿ ಸಂತೋಷಪಟ್ಟಿದ್ದಾನೆ. ಜಮೀನಿನ ಬಗ್ಗೆ ಲಾರ್ಡರು ನನಗೆ ಬೇರೆಯೇ ಮಾತು ಹೇಳಿದ್ದಾರೆ. ಅದಕ್ಕೆ ಮೊದಲು ಒಂದು ಪ್ರಶ್ನೆ ಕೇಳಬೇಕು. ಊರವರಲ್ಲಿ ಇವತ್ತು ಚರ್ಚಿನ ಒಳಗೆ ಬಂದವರು ಮಿಸ್ಟರ್ ಟೀರ್ನನ್ ಒಬ್ಬರೇ ತಾನೆ?”

ಎಲ್ಲರ ಬೆರಳೂ ಮಲಾಕಿಯ ಕಡೆ ತಿರುಗಿದವು. ಅಷ್ಟು ಒಗ್ಗಟ್ಟನ್ನು ಆ ಊರು ಬಂಡಾಯದ ವರ್ಷವೂ ತೋರಿಸಿರಲಿಲ್ಲ.

“ಮಿಸ್ಟರ್ ಟೀರ್ನನ್, ಯಾಕೆ ಬಂದಿರಿ? ಯೋಚಿಸಿ ಹೇಳಿ. ಹೊಳೆಹೊಲ ನಿಮ್ಮ ಉತ್ತರದ ಮೇಲೆ ನಿಂತಿದೆ.”

ಎತ್ತಿದ ಬೆರಳುಗಳು ಒಂದೊಂದಾಗಿ ಕೆಳಗಿಳಿದವು. ಪ್ಯಾಕಿ ತನ್ನ ಬೂಟು ತೋರಿಸಿದ. “ಹಾಗೆ ನೋಡಿದ್ರೆ, ನನ್ನ ಒಂದು ಕಾಲು ಹೊಸ್ತಿಲ ಮೇಲಿತ್ತು,” ಎಂದ. “ಇವನು ತುಳಿದ ಕಾಲು.” ಅವನ ಹಿಂದಿನವನು, ತಾನು ಕಿಟಕಿಯಿಂದ ತಲೆಯನ್ನಷ್ಟೇ ಒಳಗೆ ಹಾಕಿದ್ದೆ, ಮುಖ್ಯ ಭಾಗ ಅದೇ ತಾನೆ ಎಂದ.

ಮಲಾಕಿ “ನಾ...” ಎಂದು ಬಾಯಿ ತೆರೆದ. ಡೀಲಿಯಾ ಕೌಂಟರಿನ ಹಿಂದಿನಿಂದ ಬಂದು ಅವನ ತೋಳನ್ನು ಬಲವಾಗಿ ಚಿವುಟಿದಳು.

“ನಾಯಿ ಗೀಯಿ ಅಂದೀಯಾ,” ಎಂದು ಕಿವಿಯಲ್ಲಿ ಹೇಳಿದಳು. “ನಾಯಿಗೋಸ್ಕರ ಬಂದೋನಿಗೆ ಯಾರಾದ್ರೂ ಹೊಲ ಕೊಡ್ತಾರಾ? ಪ್ರೀತಿಯಿಂದ ಬಂದೆ ಅನ್ನು.”

“ಪ್ರೀತಿ ಅನ್ನೋ,” ಎಂದು ಪ್ಯಾಕಿಯೂ ಈ ಕಡೆಯಿಂದ ತಿವಿದ. “ಹೊಲ ಬಂದ್ರೆ ನನ್ನ ಎರಡು ಕುರಿ ಬಿಡ್ಕೊಳ್ಳೋಕೆ ಕೊಡ್ತೀಯಲ್ಲ?”

ಮಲಾಕಿ ಫಾದರ್ ಕನೀನರನ್ನು ನೋಡಿದ. ಅವರು ಮಾಡಿನ ತೊಲೆಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. “ಬಿಷಪ್ಪರೂ ರೈತರ ಮನೆಯೋರೇ,” ಎಂದು ತೊಲೆಗಳಿಗೆ ಹೇಳಿದರು. “ಹೊಲದ ವಿಷಯ ಅವರಿಗೆ ಅರ್ಥ ಆಗುತ್ತೆ.”

ಮಲಾಕಿ ಎದ್ದು ನಿಂತ. ಬದುಕಿನಲ್ಲಿ ಮೊದಲ ಬಾರಿಗೆ ಇಡೀ ಊರು ಅವನ ಕಡೆಗಿತ್ತು, ಡೀಲಿಯಾಳ ಕೈ ಅವನ ತೋಳಿನ ಮೇಲಿತ್ತು. “ಪ್ರೀತಿಯಿಂದ ಬಂದೆ,” ಎಂದ. ಅದು ಸ್ವಲ್ಪ ತೆಳುವಾಯಿತು ಅನ್ನಿಸಿ, “ಅವರು ನನಗೆ ಹೆತ್ತಪ್ಪನಿಗಿಂತ ಹೆಚ್ಚು,” ಎಂದು ಸೇರಿಸಿದ. “ಹೊರಗೆ ನಿಂತಿರೋಕೆ ಮನಸ್ಸೇ ಆಗಲಿಲ್ಲ. ಪಾಪ ಬಂದ್ರೂ ಬರಲಿ ಅಂತ ಒಳಗೆ ನುಗ್ಗಿದೆ.” ತನ್ನ ಮಾತಿಗೆ ತಾನೇ ಕಣ್ಣೊರೆಸಿಕೊಂಡ. ಮೂಲೆಯಲ್ಲಿ ಯಾರೋ ಮೂಗು ಸೀಟಿದರು. ಡೀಲಿಯಾ ಅವನ ಮುಂದೆ ತುಂಬಿದ ಗ್ಲಾಸನ್ನು ತಂದಿಟ್ಟಳು.

ಪಿಮ್ ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ಬಿಡಿಸಿದ.

“ಲಾರ್ಡರು ಹೇಳಿದ್ದನ್ನು ಅವರ ಮಾತಲ್ಲೇ ಹೇಳ್ತೀನಿ,” ಎಂದ. “‘ಪಿಮ್, ನನ್ನ ಜನ ಹೊರಗೆ ಮಳೆಯಲ್ಲಿ ನಿಲ್ತಾರೆ. ಮನೆಯಲ್ಲಿ ಬೆಚ್ಚಗೆ ಕೂರಬಹುದು, ಆದರೂ ಬಂದು ನಿಲ್ತಾರೆ. ಅದಕ್ಕಿಂತ ಹೆಚ್ಚಿನ ಮರ್ಯಾದೆ ನನಗೆ ಬೇಡ. ಯಾರ ದನ ಯಾವ ತುಂಡಲ್ಲಿ ಮೇಯುತ್ತೋ ಆ ತುಂಡು ಅವರಿಗೇ ಕೊಟ್ಟುಬಿಡು. ಒಬ್ಬ ಒಳಗೆ ಬಂದರೆ, ಯಾಕೆ ಬಂದೆ ಅಂತ ಕೇಳು. ಮಳೆಗೆ ಬಂದೆ, ನಾಯಿ ಹಿಡಿಯೋಕೆ ಬಂದೆ, ದಾರಿ ತಪ್ಪಿ ಬಂದೆ ಅಂದರೆ ಅವನಿಗೂ ಕೊಡು. ಪ್ರೀತಿಯಿಂದ ಬಂದೆ ಅಂದರೆ ಸುಳ್ಳುಗಾರ. ಅವನ ಹೊಲ ಪಕ್ಕದವರಿಗೆ ಕೊಡು. ಅವನಿಗೆ ಪೋಪ್‌ನ ಕೊಡು. ಆ ನಾಯೀನೂ ಊಟದ ಹೊತ್ತಿಗೆ ಮಾತ್ರ ಪ್ರೀತಿ ತೋರಿಸುತ್ತೆ. ಇಬ್ಬರಿಗೂ ಹೊಂದುತ್ತೆ.’”

ಒಲೆಯಲ್ಲಿ ಒಂದು ಕೊಳ್ಳಿ ಕುಸಿಯಿತು. ಆಮೇಲೆ ಪಬ್‌ನಲ್ಲಿ ಎದ್ದ ಸಂಭ್ರಮದಲ್ಲಿ ಪಿಮ್ ಹೊರಟುಹೋದದ್ದು ಯಾರಿಗೂ ಗೊತ್ತಾಗಲಿಲ್ಲ. ಪ್ಯಾಕಿ ಕುಂಟುವುದನ್ನು ಮರೆತು ಕುಣಿದ. ಫಾದರ್ ಕನೀನರ ಕತ್ತೆ ಮೇಯುತ್ತಿದ್ದ ಮೂಲೆ ಕೂಡ ಅವರಿಗೇ ಬಂದಿತ್ತು. ಲಾರ್ಡರ ಆತ್ಮಕ್ಕೆ, ಪ್ರಾಟೆಸ್ಟೆಂಟ್ ಆದರೂ, ಒಂದು ಪೂಜೆ ಮಾಡಿಸಬಹುದು ಎಂದರು. ಮಲಾಕಿಯ ಕಡೆ ಯಾರೂ ತಿರುಗಿ ನೋಡಲಿಲ್ಲ. ಬಿಷಪ್ಪರ ಹತ್ತಿರ ಹೋಗಲೇಬೇಕಾ ಎಂದು ಅವನು ಕೇಳಿದ. “ಈಗಂತೂ ಹೋಗಲೇಬೇಕು,” ಎಂದರು ಫಾದರ್. “ಪ್ರೀತಿಯಿಂದ ಹೋದೆ ಅಂತ ನೀನೇ ಎಲ್ಲರ ಮುಂದೆ ಹೇಳಿದ್ಯಲ್ಲ.”

ಪೋಪ್ ಅವನ ಗ್ಲಾಸಿನ ನೊರೆ ನೆಕ್ಕುತ್ತಿತ್ತು. ಮಲಾಕಿ ಸ್ವಲ್ಪ ಹೊತ್ತು ಅದನ್ನೇ ನೋಡಿದ. ನಿಧಾನವಾಗಿ ಅವನ ಮುಖ ಬೆಳಗತೊಡಗಿತು. ಹೊಳೆಹೊಲಕ್ಕೆ ಇದ್ದ ಪಕ್ಕದವರು ಒಬ್ಬರೇ. ಅವನು ಹಗ್ಗವನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡು, ಕೂದಲಿಗೆ ಉಗುಳು ಸವರಿ, ಕೌಂಟರಿನ ಬಳಿ ಹೋದ.

ಡೀಲಿಯಾ ಗ್ಲಾಸು ಒರೆಸುತ್ತ ಹಿಂದಿನ ಕಿಟಕಿಯಾಚೆ ನೋಡುತ್ತಿದ್ದಳು. ಅಲ್ಲಿ ಮಳೆ ನಿಂತು ಹೊಳೆಹೊಲ ಹೊಳೆಯುತ್ತಿತ್ತು. ಅವಳ ಹೊಲದಲ್ಲಿ ಮಲಾಕಿಯ ಹಸು ಮೇಯುತ್ತಿತ್ತು.

“ಡೀಲಿಯಾ, ಅಂತೂ ಹೊಲ ಬಂತಲ್ಲ,” ಎಂದ ಮಲಾಕಿ. “ನನ್ನ ಹೆಸರಿಗೆ ಬಂದ್ರೇನು, ನಿನ್ನ ಹೆಸರಿಗೆ ಬಂದ್ರೇನು. ಹೊಲ ನಿಂದು, ಹಸು ನಂದು. ಮನೆ ಕಾಯೋಕೆ ನಾಯೀನೂ ಇದೆ. ಈಸ್ಟರ್ ಕಳೀತಿದ್ದ ಹಾಗೆ ಮದುವೆ ಇಟ್ಕೊಂಡುಬಿಡೋಣ.”

ಡೀಲಿಯಾ ಹೊಲವನ್ನು ನೋಡಿದಳು. ನಾಯಿಯನ್ನು ನೋಡಿದಳು. ಆಮೇಲೆ ಒಂಬತ್ತು ವರ್ಷದಲ್ಲಿ ಮೊದಲ ಸಲ ಎಂಬಂತೆ ಮಲಾಕಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಒರೆಸಿದ ಗ್ಲಾಸನ್ನು ಕವುಚಿಟ್ಟಳು.

“ಬೇಡ,” ಎಂದಳು.